ತಿಟ್ಟು ಅರಣ್ಯ ಇಲಾಖೆಯದು, ನೀರು ಯಾರದು?

ಜುಲೈ ಕೊನೆಯಲ್ಲೋ ಆಗಸ್ಟ್‌ನಲ್ಲೋ ರಂಗನತಿಟ್ಟಿಗೆ ಹೋದ ಅನೇಕರಿಗೆ ಗೇಟಿನಲ್ಲೇ ಸಿಗುವ ಉತ್ತರ ಇದು: ಕೆಆರ್‌ಎಸ್‌ನಿಂದ ನೀರು ಬಿಟ್ಟಿದ್ದಾರೆ, ದೋಣಿ ಇಲ್ಲ. ಕೆಂಪು ನೀರು ಉಕ್ಕಿ ಹರಿಯುವುದನ್ನು ದಡದಲ್ಲೇ ನಿಂತು ನೋಡಿ, ಒಂದೆರಡು ಫೋಟೊ ತೆಗೆದುಕೊಂಡು ಅವರು ಶ್ರೀರಂಗಪಟ್ಟಣದ ಕಡೆ ತಿರುಗುತ್ತಾರೆ. ಅವರಿಗೆ ಹೋದದ್ದು ಒಂದು ಭಾನುವಾರ. ಅದೇ ಹೊತ್ತಿಗೆ ಹೊಳೆಯ ನಡುವಿನ ತಿಟ್ಟುಗಳಲ್ಲಿ ಬೆಳ್ಳಕ್ಕಿ, ಇರುಳು ಬಕ, ಬಾಯ್ಕಳಕ, ನೀರುಕಾಗೆಗಳ ಗೂಡುಗಳ ತುಂಬ ಮೊಟ್ಟೆ ಮರಿಗಳಿರುತ್ತವೆ. ಪ್ರವಾಹ ಜೋರಾದರೆ ತಗ್ಗಿನ ಕೊಂಬೆಗಳ ಗೂಡುಗಳು ಕೊಚ್ಚಿಹೋಗುತ್ತವೆ, ತಿಟ್ಟಿನ ಅಂಚಿನ ಮಣ್ಣು ಕುಸಿದು ಗೂಡು ಹೊತ್ತ ಮರವೇ ನೀರಿಗೆ ವಾಲುತ್ತದೆ.

ಪ್ರವಾಸಿಯ ನಿರಾಶೆಗೂ ಹಕ್ಕಿಯ ನಷ್ಟಕ್ಕೂ ಮೂಲ ಒಂದೇ, ಮೇಲಿನ ಅಣೆಕಟ್ಟೆಯ ಗೇಟು. ಆ ಗೇಟನ್ನು ಎಷ್ಟು ಎತ್ತಬೇಕು, ಯಾವಾಗ ಇಳಿಸಬೇಕು ಎಂಬ ತೀರ್ಮಾನ ಪಕ್ಷಿಧಾಮವನ್ನು ನೋಡಿಕೊಳ್ಳುವ ಅರಣ್ಯ ಇಲಾಖೆಯ ಕೈಯಲ್ಲಿಲ್ಲ. ನಮ್ಮ ರಾಜ್ಯದ ಜೌಗುಪ್ರದೇಶಗಳ ನಿರ್ವಹಣೆಯ ಬಗ್ಗೆ ಮಾತಾಡುವಾಗ ನಾವು ಗಿಡ ನೆಡುವುದು, ಕಸ ಹೆಕ್ಕುವುದು, ಬೇಲಿ ಹಾಕುವುದು, ವೀಕ್ಷಣಾ ಗೋಪುರ ಕಟ್ಟುವುದು ಎಂದೆಲ್ಲ ಪಟ್ಟಿ ಮಾಡುತ್ತೇವೆ. ಅವೆಲ್ಲ ಬೇಕಾದ ಕೆಲಸಗಳೇ. ಆದರೆ ನೀರು ಎಷ್ಟು ಬರುತ್ತದೆ, ಯಾವ ತಿಂಗಳಲ್ಲಿ ಬರುತ್ತದೆ, ಎಷ್ಟು ಶುದ್ಧವಾಗಿ ಬರುತ್ತದೆ ಎಂಬುದರ ಮುಂದೆ ಉಳಿದದ್ದೆಲ್ಲ ಸಣ್ಣದು. ಅದನ್ನು ಬಿಟ್ಟು ಮಾಡುವ ನಿರ್ವಹಣೆ ಉದ್ಯಾನದ ನಿರ್ವಹಣೆಯಾಗುತ್ತದೆ, ಜೌಗಿನದ್ದಾಗುವುದಿಲ್ಲ.

ರಂಗನತಿಟ್ಟನ್ನೇ ಉದಾಹರಣೆಗೆ ತೆಗೆದುಕೊಳ್ಳಲು ಕಾರಣವಿದೆ. ರಾಜ್ಯದ ಮೊದಲ ರಾಮ್ಸರ್ ತಾಣ ಇದು, ಎಂದರೆ ಜೌಗುಗಳ ರಕ್ಷಣೆಗಿರುವ ಅಂತರರಾಷ್ಟ್ರೀಯ ಒಪ್ಪಂದದಡಿ ಮಹತ್ವದ್ದೆಂದು ಗುರುತಿಸಿದ ಜೌಗು. 2022ರಲ್ಲಿ ಆ ಪಟ್ಟಿಗೆ ಸೇರಿತು. ಎರಡು ವರ್ಷಗಳ ನಂತರ, 2024ರಲ್ಲಿ, ವಿಜಯನಗರ ಜಿಲ್ಲೆಯ ಅಂಕಸಮುದ್ರ, ಗದಗ ಜಿಲ್ಲೆಯ ಮಾಗಡಿ ಕೆರೆ, ಉತ್ತರ ಕನ್ನಡದ ಅಘನಾಶಿನಿ ಅಳಿವೆಗಳೂ ಸೇರಿ ಸಂಖ್ಯೆ ನಾಲ್ಕಾಯಿತು. ಪಕ್ಕದ ತಮಿಳುನಾಡು 2025ರ ಆರಂಭಕ್ಕೇ 20 ತಾಣಗಳನ್ನು ಪಡೆದಿತ್ತು. ಕೆರೆಗಳ ನಾಡು ಎಂದು ಹೇಳಿಕೊಳ್ಳುವ ನಮಗೆ ಈ ಹೋಲಿಕೆ ಹಿತವಾದದ್ದಲ್ಲ.

ಕಟ್ಟೆಯಿಂದ ಹುಟ್ಟಿದ ಜೌಗು

ರಂಗನತಿಟ್ಟಿನ ತಿಟ್ಟುಗಳು ತಾವಾಗಿಯೇ ಮೂಡಿದವಲ್ಲ. 17ನೇ ಶತಮಾನದ ಮಧ್ಯಭಾಗದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ನಾಲೆಗೆ ನೀರು ತಿರುಗಿಸಲು ಕಾವೇರಿಗೆ ಅಡ್ಡಲಾಗಿ ಕಟ್ಟೆ ಕಟ್ಟಿದರು. ಕಟ್ಟೆಯ ಹಿಂದೆ ನೀರು ನಿಂತು ಹರಡಿತು. ಎತ್ತರದ ನೆಲ, ಬಂಡೆ, ಮರಳುದಿಬ್ಬಗಳು ನಡುಗಡ್ಡೆಗಳಾಗಿ ಉಳಿದವು. ಅವುಗಳ ಮೇಲೆ ಹೊಳೆಮತ್ತಿ, ಹೊಂಗೆ, ಬಿದಿರು, ಕೇದಗೆಯ ಮೆಳೆಗಳು ದಟ್ಟವಾಗಿ ಬೆಳೆದವು. ಸುತ್ತ ನೀರು, ನೀರಿನಲ್ಲಿ ಮೊಸಳೆ, ಮೇಲೆ ಮರ. ಗುಂಪಾಗಿ ಗೂಡು ಕಟ್ಟುವ ಹಕ್ಕಿಗಳಿಗೆ ಇದಕ್ಕಿಂತ ಕ್ಷೇಮದ ಜಾಗ ಸಿಗುವುದು ಕಷ್ಟ. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದಿದ್ದ ಸಲೀಂ ಅಲಿ ಇದನ್ನು ಗುರುತಿಸಿ ಅರಸರಿಗೆ ಮನವರಿಕೆ ಮಾಡಿಕೊಟ್ಟರು. 1940ರಲ್ಲಿ ಇದು ಪಕ್ಷಿಧಾಮವಾಯಿತು.

ಅಂಕಸಮುದ್ರ ಮತ್ತು ಮಾಗಡಿಗಳೂ ಹೀಗೆಯೇ. ಎರಡೂ ಬೇಸಾಯಕ್ಕೆಂದು ಊರವರು ಏರಿ ಹಾಕಿ, ತೂಬು ಇಟ್ಟು, ಕೋಡಿ ಬಿಟ್ಟು ಮಾಡಿಕೊಂಡ ಕೆರೆಗಳು. ಅಂಕಸಮುದ್ರದ ಕೆರೆಯಂಗಳದಲ್ಲಿ ನಿಂತ ಕರಿಜಾಲಿ ಮರಗಳ ಮೇಲೆ ಇಂದು ಸಾವಿರಗಟ್ಟಲೆ ಹಕ್ಕಿಗಳು ತಂಗುತ್ತವೆ. ಮಾಗಡಿಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ನಂಜನಗೂಡು ತಾಲ್ಲೂಕಿನ ಹದಿನಾರು ಎಂಬ ಊರಿನ ಕೆರೆಗೆ ಬಂದ ಹೆಬ್ಬಾತುಗಳ ಕತ್ತಿನಲ್ಲಿ ಮಂಗೋಲಿಯದ ಸಂಶೋಧಕರು ತೊಡಿಸಿದ ಪಟ್ಟಿಗಳೂ ಕಂಡಿವೆ. ಬಯಲುಸೀಮೆಯ ರೈತ ತನ್ನ ಹೊಲಕ್ಕೆಂದು ಹಿಡಿದಿಟ್ಟ ನೀರಿಗಾಗಿ ಮಧ್ಯ ಏಷ್ಯಾದ ಹಕ್ಕಿ ಹಾರಿ ಬರುತ್ತದೆ ಎಂಬ ಸಂಗತಿ ನನಗೆ ಪ್ರತಿ ಸಲವೂ ರೋಮಾಂಚನ ತರುತ್ತದೆ.

ಹಾಗಾಗಿ 'ಪ್ರಕೃತಿಯನ್ನು ಅದರ ಪಾಡಿಗೆ ಬಿಟ್ಟರೆ ಸಾಕು' ಎಂಬ ಮಾತು ದಟ್ಟ ಕಾಡಿಗೆ ಒಪ್ಪಬಹುದು, ಇಲ್ಲಿಗೆ ಒಪ್ಪುವುದಿಲ್ಲ. ಮನುಷ್ಯ ಕಟ್ಟಿದ ಜೌಗನ್ನು ಮನುಷ್ಯನೇ ನೋಡಿಕೊಳ್ಳಬೇಕು. ಏರಿ ಒಡೆದರೆ, ತೂಬು ಕಟ್ಟಿಕೊಂಡರೆ, ಹೂಳು ತುಂಬಿದರೆ ಕೆರೆ ಹೋಗುತ್ತದೆ. ಕೆರೆಯ ಹಿಂದೆ ಹಕ್ಕಿಯೂ ಹೋಗುತ್ತದೆ.

ಭರತಪುರದಲ್ಲಿ ಆದದ್ದು

'ಬಿಟ್ಟರೆ ಸಾಕು' ಎಂಬ ನಂಬಿಕೆ ಎಲ್ಲಿಗೆ ಮುಟ್ಟಿಸುತ್ತದೆ ಎಂಬುದಕ್ಕೆ ದೇಶದ ಅತಿ ಹೆಸರಾಂತ ಜೌಗಾದ ರಾಜಸ್ಥಾನದ ಕೇವಲಾದೇವ್ ಸಾಕ್ಷಿಯಾಗಿದೆ. ಭರತಪುರದ ಅರಸರು 18ನೇ ಶತಮಾನದಲ್ಲಿ ಅಜಾನ್ ಬಂಡ್ ಕಟ್ಟಿ ನೀರು ತಿರುಗಿಸಿದ್ದರಿಂದ ಮೂಡಿದ ತಗ್ಗಿನ ಜೌಗು ಅದು. ಅಂದರೆ ಅದೂ ಮನುಷ್ಯನಿರ್ಮಿತವೇ. 1981ರಲ್ಲಿ ರಾಮ್ಸರ್ ತಾಣವಾಯಿತು. 1982ರಲ್ಲಿ ರಾಷ್ಟ್ರೀಯ ಉದ್ಯಾನವಾದಾಗ ಸುತ್ತಲಿನ ಹಳ್ಳಿಗಳ ಎಮ್ಮೆ ದನಗಳನ್ನು ಮೇಯಿಸುವುದನ್ನು ಪೂರ್ತಿ ನಿಷೇಧಿಸಿದರು. ತಲೆಮಾರುಗಳಿಂದ ಅಲ್ಲಿ ದನ ಮೇಯಿಸುತ್ತಿದ್ದ ಜನ ತಿರುಗಿಬಿದ್ದರು, ಪೊಲೀಸರ ಗುಂಡಿಗೆ ಜನ ಸತ್ತರು.

ಆಮೇಲೆ ನಡೆದದ್ದನ್ನು ಜೌಗು ನೋಡಿಕೊಳ್ಳುವ ಪ್ರತಿಯೊಬ್ಬರೂ ತಿಳಿದಿರಬೇಕು. ಎಮ್ಮೆಗಳು ಹೋದ ಮೇಲೆ ನೀರಿನಲ್ಲಿ ಒಂದು ಜಾತಿಯ ಹುಲ್ಲು ಎಗ್ಗಿಲ್ಲದೆ ಬೆಳೆಯಿತು. ತೆರೆದ ನೀರು ಕಡಿಮೆಯಾಗುತ್ತ ಬಂತು, ಮೀನಿಗೂ ಬಾತಿಗೂ ಜಾಗವಿಲ್ಲದಾಯಿತು. ನಿಷೇಧಕ್ಕೆ ಬೆಂಬಲ ಕೊಟ್ಟಿದ್ದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯೇ ನಂತರ ವರ್ಷಗಟ್ಟಲೆ ಅಧ್ಯಯನ ನಡೆಸಿ, ಮೇಯುವ ಎಮ್ಮೆಗಳು ಈ ಜೌಗನ್ನು ಜೌಗಾಗಿ ಉಳಿಸಿಕೊಂಡಿದ್ದವು ಎಂಬ ತೀರ್ಮಾನಕ್ಕೆ ಬಂತು. ವಿಜ್ಞಾನ ತನ್ನ ನಿಲುವನ್ನು ಹೀಗೆ ತಿದ್ದಿಕೊಂಡದ್ದು ದೊಡ್ಡ ಮಾತು. ಆದರೆ ಗುಂಡಿಗೆ ಬಲಿಯಾದವರು ಹಿಂತಿರುಗುವುದಿಲ್ಲ. 1990ರಲ್ಲಿ ಕೇವಲಾದೇವ್ ರಾಮ್ಸರ್‌ನ ಮಾಂಟ್ರೋ ದಾಖಲೆಗೆ, ಎಂದರೆ ಕೆಡುತ್ತಿರುವ ತಾಣಗಳ ಪಟ್ಟಿಗೆ, ಸೇರಿತು.

ಎರಡನೆಯ ಪೆಟ್ಟು ನೀರಿನದು. ಮೇಲ್ಗಡೆ ಪಾಂಚನಾ ಅಣೆಕಟ್ಟೆ ಎದ್ದ ಮೇಲೆ ಉದ್ಯಾನಕ್ಕೆ ಬರುವ ಹರಿವು ಕುಗ್ಗಿತು. 2004ರ ಬರದಲ್ಲಿ ಅಲ್ಲಿನ ರೈತರು ತಮ್ಮ ಹೊಲಕ್ಕೇ ನೀರಿಲ್ಲದಾಗ ಹಕ್ಕಿಗಳಿಗೆ ಏಕೆ ಬಿಡಬೇಕು ಎಂದು ಪಟ್ಟು ಹಿಡಿದರು. ನೀರು ಬರಲಿಲ್ಲ, ಗೂಡೂ ಕಟ್ಟಲಿಲ್ಲ. ಮುಂದೆ ಬೇರೆ ಕಡೆಯಿಂದ ಕೊಳವೆ ಹಾಕಿ ನೀರು ತರುವ ಸ್ಥಿತಿ ಬಂತು. ರೈತರ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವ ಹಾಗಿಲ್ಲ. ಮಂಡ್ಯದ ರೈತನೂ ಅದೇ ಪ್ರಶ್ನೆ ಕೇಳಿದರೆ ನಮ್ಮಲ್ಲಿ ಸಿದ್ಧ ಉತ್ತರವಿದೆಯೇ?

ಬೇಸಗೆಯಲ್ಲಿ ಒಂದು ತೊಂದರೆ, ಮಳೆಗಾಲದಲ್ಲಿ ಇನ್ನೊಂದು

ರಂಗನತಿಟ್ಟಿನ ವರ್ಷವನ್ನು ಹಕ್ಕಿಗಳ ಕಡೆಯಿಂದ ನೋಡಿದರೆ ನೀರಿನ ಲೆಕ್ಕ ಎಷ್ಟು ನಾಜೂಕು ಎಂಬುದು ಗೊತ್ತಾಗುತ್ತದೆ. ಚಳಿಗಾಲದ ಹೊತ್ತಿಗೆ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು (ಪೆಲಿಕನ್) ಸೇರತೊಡಗುತ್ತವೆ; ಬೇಸಗೆಯುದ್ದಕ್ಕೂ ಅವುಗಳ ಗೂಡುಗಳ ಗಲಾಟೆ. ಮಳೆ ಹಿಡಿಯುವ ಹೊತ್ತಿಗೆ ಬೆಳ್ಳಕ್ಕಿ, ಬಕ, ಬಾಯ್ಕಳಕ, ಚಮಚದ ಕೊಕ್ಕು, ಬಿಳಿ ಕೆಂಬರಲುಗಳ ಸರದಿ. ಇವುಗಳ ನಡುವೆ, ಹೆಚ್ಚು ಪ್ರವಾಸಿಗರ ಕಣ್ಣಿಗೆ ಬೀಳದ ಹಕ್ಕಿಗಳೂ ಇವೆ. ಹೊಳೆ ರೀವ (ರಿವರ್ ಟರ್ನ್), ದೊಡ್ಡ ಕಣ್ಣಿನ ಬಂಡೆಗೊರವಗಳು ಮರ ಹತ್ತುವುದೇ ಇಲ್ಲ. ಬೇಸಗೆಯಲ್ಲಿ ನೀರು ಇಳಿದು ಬಂಡೆ, ಮರಳು ಹೊರಬಿದ್ದಾಗ ಅದರ ಮೇಲೆಯೇ ಮೊಟ್ಟೆ ಇಡುತ್ತವೆ. ಬಂಡೆಗಳ ಅಡಿಯಲ್ಲಿ ಕವಲುತೋಕೆಗಳು ಮಣ್ಣಿನ ಗೂಡುಗಳನ್ನು ಸಾಲಾಗಿ ಅಂಟಿಸುತ್ತವೆ. ಹೊಳೆ ರೀವ ಈಗ ಜಾಗತಿಕ ಮಟ್ಟದಲ್ಲೇ ಅಪಾಯದಂಚಿನ ಹಕ್ಕಿ. ಲಕ್ಕವಳ್ಳಿಯ ಭದ್ರಾ ಜಲಾಶಯದಲ್ಲಿ ಬೇಸಗೆಗೆ ತಲೆಯೆತ್ತುವ ದಿಬ್ಬಗಳೂ ಇವುಗಳ ದೊಡ್ಡ ನೆಲೆ.

ಈ ನೆಲದ ಮೇಲಿನ ಗೂಡುಗಳಿಗೆ ಮಹಾಪ್ರವಾಹವೇ ಬೇಕಿಲ್ಲ. ಏಪ್ರಿಲ್‌ನಲ್ಲಿ ಹಠಾತ್ತನೆ ಒಂದೆರಡು ಅಡಿ ನೀರು ಏರಿದರೆ ಸಾಕು, ಆ ವರ್ಷದ ಮೊಟ್ಟೆಗಳು ಹೋದವು. ಇನ್ನೊಂದು ತುದಿಯಲ್ಲಿ, ನೀರು ತೀರ ಇಳಿದರೂ ಕೇಡು. ತಿಟ್ಟುಗಳ ಸುತ್ತಲಿನ ನೀರೇ ಅವಕ್ಕೆ ಕಂದಕ. ಅದು ಬತ್ತಿದರೆ ನಾಯಿ, ಮುಂಗುಸಿಗಳು ನಡೆದುಕೊಂಡೇ ಗೂಡಿನ ಬುಡಕ್ಕೆ ಬರುತ್ತವೆ. 2023ರಲ್ಲಿ ಮುಂಗಾರು ಕೈಕೊಟ್ಟು ಕೆಆರ್‌ಎಸ್ ತುಂಬಲಿಲ್ಲ, ಮರುವರ್ಷದ ಬೇಸಗೆಯಲ್ಲಿ ಹೊಳೆ ಸೊರಗಿತು. ಅದಾದ ಕೆಲವೇ ತಿಂಗಳಿಗೆ, 2024ರ ಜುಲೈ ಕೊನೆಗೆ, ಅದೇ ಅಣೆಕಟ್ಟೆಯಿಂದ ಸೆಕೆಂಡಿಗೆ ಲಕ್ಷ ಘನ ಅಡಿಗೂ, ಎಂದರೆ ಲಕ್ಷ ಕ್ಯೂಸೆಕ್‌ಗೂ ಮೀರಿ ನೀರು ಹೊರಬಂತು. 2018, 2019ರಲ್ಲೂ ಪ್ರವಾಹ ತಿಟ್ಟುಗಳ ಮೇಲೆ ಹರಿದಿತ್ತು.

ಪ್ರವಾಹ ಇಳಿದ ಮೇಲೆ ಇಲಾಖೆಯ ಸಿಬ್ಬಂದಿ ಮರಳಿನ ಮೂಟೆ ಪೇರಿಸಿ ತಿಟ್ಟುಗಳ ಅಂಚನ್ನು ಕಟ್ಟುತ್ತಾರೆ. ಎದೆಮಟ್ಟದ ನೀರಿನಲ್ಲಿ, ಮೊಸಳೆಗಳಿರುವ ಹೊಳೆಯಲ್ಲಿ ಮಾಡುವ ಕೆಲಸ ಅದು. ಮಾಡುವವರ ಬಗ್ಗೆ ಗೌರವವಿದೆ. ಆದರೆ ಮೂಟೆ ಒಂದೆರಡು ಮಳೆಗಾಲ ತಡೆಯುವ ಉಪಾಯ. ಪ್ಲಾಸ್ಟಿಕ್ ಚೀಲ ಹರಿದರೆ ಮರಳೂ ಚೀಲವೂ ಹೊಳೆಗೇ. ತಿಟ್ಟನ್ನು ಗಟ್ಟಿಯಾಗಿ ಹಿಡಿಯುವುದು ಹೊಳೆಮತ್ತಿಯ ಬೇರು, ಬಿದಿರಿನ ಮೆಳೆ, ಕೇದಗೆಯ ಜಡೆಬೇರು. ಹೀಗಾಗಿ ಮೂಟೆಯ ಹಿಂದೆಯೇ ಸಸಿ ಹೋಗಬೇಕು, ಸಸಿ ಬೇರು ಬಿಡುವವರೆಗೆ ಮೂಟೆ ಉಳಿಯಬೇಕು. ಹಕ್ಕಿಗಳ ಹಿಕ್ಕೆ ವರ್ಷಗಟ್ಟಲೆ ಬಿದ್ದು ಗೂಡಿನ ಮರಗಳೇ ಒಣಗುವುದರಿಂದ ಮುಂದಿನ ಮರಗಳು ಮೊದಲೇ ಎದ್ದು ನಿಂತಿರಬೇಕು. ಇದು ಹತ್ತಿಪ್ಪತ್ತು ವರ್ಷದ ಯೋಚನೆ. ವರ್ಷಕ್ಕೊಂದು ಸಲ ಬರುವ ಅನುದಾನ, ಮಾರ್ಚ್ ಒಳಗೆ ಖರ್ಚಾಗಬೇಕಾದ ಬಿಲ್ಲು, ಎರಡು ಮೂರು ವರ್ಷಕ್ಕೆ ವರ್ಗವಾಗುವ ಅಧಿಕಾರಿ, ಇವುಗಳಿಗೆ ಈ ಯೋಚನೆ ಸುಲಭವಾಗಿ ಹೊಂದುವುದಿಲ್ಲ.

ಹತ್ತು ಟಿಎಂಸಿಯ ಮಾತು

ಹಕ್ಕಿಗೆ ನೀರು ಕೇಳಿದರೆ ರೈತನ ಬಾಯಿಂದ ಕಿತ್ತುಕೊಂಡಂತೆ ಎಂಬ ಭಾವನೆ ಕಾವೇರಿ ಕೊಳ್ಳದಲ್ಲಿ ಸಹಜ. ಆದರೆ ಕಾವೇರಿ ನ್ಯಾಯಮಂಡಳಿಯ 2007ರ ತೀರ್ಪಿನಲ್ಲೇ ಪರಿಸರಕ್ಕೆಂದು 10 ಟಿಎಂಸಿ ಅಡಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ನೀರು ಮೀಸಲಾಗಿದೆ. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತಮಿಳುನಾಡಿನ ಪಾಲನ್ನು 177.25 ಟಿಎಂಸಿಗೆ ಇಳಿಸಿದಾಗಲೂ ಈ ಹತ್ತನ್ನು ಮುಟ್ಟಲಿಲ್ಲ. ಫೆಬ್ರುವರಿಯಿಂದ ಮೇವರೆಗೆ ತಿಂಗಳಿಗೆ 2.5 ಟಿಎಂಸಿಯಂತೆ, ತಮಿಳುನಾಡಿನ ಗಡಿಯಲ್ಲಿ ನೀರು ಅಳೆಯುವ ಬಿಳಿಗುಂಡ್ಲುವಿನಲ್ಲಿ ಹರಿಯಬೇಕಾದ ಲೆಕ್ಕ ಅದು. ಇಡೀ ತಿಂಗಳಿಗೆ ಸಮನಾಗಿ ಹಂಚಿದರೆ ಸರಾಸರಿ ಸಾವಿರ ಕ್ಯೂಸೆಕ್‌ನ ಆಸುಪಾಸು.

ಬಿಳಿಗುಂಡ್ಲುವಿನ ಅಳತೆಯಲ್ಲಿ ಕಬಿನಿಯ ನೀರೂ ಕೂಡುತ್ತದೆ. ಹಾಗಾಗಿ ಈ ಅಂಕಿಯನ್ನು ನೇರವಾಗಿ ರಂಗನತಿಟ್ಟಿಗೆ ಅನ್ವಯಿಸಲಾಗದು. ಆದರೂ ಬೇಸಗೆಯಲ್ಲಿ ಹೊಳೆಗೆ ಎಷ್ಟೋ ನೀರು ಬಿಡಲೇಬೇಕು ಎಂದಮೇಲೆ ಅದನ್ನು ಹೇಗೆ ಬಿಡುತ್ತೇವೆ ಎಂಬುದರಲ್ಲಿ ಹಕ್ಕಿಯ ಬದುಕು ಅಡಗಿದೆ. ಅಷ್ಟೇ ನೀರನ್ನು ನಾಲ್ಕು ದಿನ ಜೋರಾಗಿ ಬಿಟ್ಟು ಮತ್ತೆ ನಿಲ್ಲಿಸಿದರೆ ಬಂಡೆ ಮೇಲಿನ ಮೊಟ್ಟೆ ಮುಳುಗುತ್ತದೆ, ಆಮೇಲೆ ಕಂದಕವೂ ಬತ್ತುತ್ತದೆ. ಸಣ್ಣಗೆ ಸಮನಾಗಿ ಬಿಟ್ಟರೆ ಎರಡೂ ತಪ್ಪುತ್ತದೆ. ರೈತನಿಂದ ಒಂದು ಬಿಂದಿಗೆ ನೀರನ್ನೂ ಹೆಚ್ಚಿಗೆ ಕೇಳದೆ ಆಗುವ ಕೆಲಸ ಇದು. ಮಳೆಗಾಲದಲ್ಲಿ ಮಾತ್ರ ಈ ಸ್ವಾತಂತ್ರ್ಯ ಕಡಿಮೆ. ಅಣೆಕಟ್ಟೆ 124.80 ಅಡಿಗೆ ತುಂಬಿ ಕೊಡಗಿನಲ್ಲಿ ಮಳೆ ಸುರಿಯುತ್ತಿದ್ದರೆ ನೀರು ಬಿಡುವುದು ಬಿಟ್ಟು ದಾರಿಯಿಲ್ಲ. ತಳದ ಹಳ್ಳಿಗಳ ಜೀವವೂ ಮುಖ್ಯ. ಆಗಲೂ ಒಳಹರಿವಿನ ಮುನ್ಸೂಚನೆ ನೋಡಿ ಎರಡು ದಿನ ಮೊದಲೇ ಸ್ವಲ್ಪ ಸ್ವಲ್ಪ ಬಿಡತೊಡಗಿದರೆ ಒಮ್ಮೆಲೇ ಲಕ್ಷ ಕ್ಯೂಸೆಕ್ ಬಿಡುವ ಗಂಡಾಂತರ ಕೆಲವು ವರ್ಷಗಳಲ್ಲಾದರೂ ತಪ್ಪೀತು. ಅದರಿಂದ ದಡದ ಊರುಗಳಿಗೂ ಉಪಕಾರ.

67 ಹೆಕ್ಟೇರಿನ ಆಚೆ

ಪಕ್ಷಿಧಾಮದ ವಿಸ್ತೀರ್ಣ ಬರೀ 0.67 ಚದರ ಕಿಲೋಮೀಟರ್, ಅಂದರೆ 67 ಹೆಕ್ಟೇರ್. ರಾಮ್ಸರ್ ತಾಣವಾಗಿ ಗುರುತಿಸಿದ್ದು ಸುಮಾರು 518 ಹೆಕ್ಟೇರ್. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ಬಿಳಿ ಕೆಂಬರಲುಗಳ ಜಾಗತಿಕ ಸಂಖ್ಯೆಯಲ್ಲಿ ಶೇ 1ಕ್ಕಿಂತ ಹೆಚ್ಚು ಇಲ್ಲಿ ಆಸರೆ ಪಡೆಯುತ್ತವೆ ಎಂಬುದು ಆ ಮಾನ್ಯತೆಗೆ ಒಂದು ಆಧಾರ. 188 ಜಾತಿಯ ಸಸ್ಯ, 225 ಜಾತಿಯ ಹಕ್ಕಿ, 69 ಜಾತಿಯ ಮೀನುಗಳ ಲೆಕ್ಕವೂ ಅದರಲ್ಲಿದೆ. ಆದರೆ ಎರಡು ಅಂಕಿಗಳ ನಡುವಿನ ಸುಮಾರು 450 ಹೆಕ್ಟೇರಿನ ಗತಿಯೇನು? ಪಕ್ಷಿಧಾಮದೊಳಗೆ ವನ್ಯಜೀವಿ ಕಾಯ್ದೆಯ ಬಲವಿದೆ. ಅದರಾಚೆಯ ಹೊಳೆಯಲ್ಲಿ, ದಡದಲ್ಲಿ ಮರಳು, ಮೀನು, ಕಟ್ಟಡ, ಕೊಳಚೆ ಎಲ್ಲಕ್ಕೂ ಬೇರೆ ಬೇರೆ ಇಲಾಖೆ, ಬೇರೆ ಬೇರೆ ಕಾನೂನು.

ಇನ್ನೂ ಆಚೆ ಹೋಗೋಣ. ರಂಗನತಿಟ್ಟು ಈ ಹಕ್ಕಿಗಳ ಮಲಗುವ ಕೋಣೆಯಾದರೆ ಅಡುಗೆಮನೆ ಇರುವುದು ಸುತ್ತಲಿನ ಗದ್ದೆ ಕೆರೆಗಳಲ್ಲಿ. ಬಾಯ್ಕಳಕದ ಮುಖ್ಯ ಆಹಾರ ಗದ್ದೆಯ ಬಸವನಹುಳು. ಬಣ್ಣದ ಕೊಕ್ಕರೆ ಗೇಣುದ್ದದ ನೀರಿನಲ್ಲಿ ನಡೆದಾಡುತ್ತ, ಅರ್ಧ ತೆರೆದ ಕೊಕ್ಕನ್ನು ಆಡಿಸುತ್ತ ಮೀನು ಹಿಡಿಯುತ್ತದೆ. ಬೆಳ್ಳಕ್ಕಿ ಉಳುವ ಟ್ರ್ಯಾಕ್ಟರಿನ ಹಿಂದೆ ಓಡುತ್ತದೆ. ಗದ್ದೆಗೆ ಹೊಡೆಯುವ ಕೀಟನಾಶಕ, ಹತ್ತಿರದ ಕೆರೆಯ ಒತ್ತುವರಿ, ನಾಲೆಯ ನೀರಿನ ಸರದಿ ಇವೆಲ್ಲ ಮರಿಯ ಬಾಯಿಗೆ ಬೀಳುವ ತುತ್ತನ್ನು ನಿರ್ಧರಿಸುತ್ತವೆ. ಅಲ್ಲಿಗೆ ಅರಣ್ಯ ಇಲಾಖೆಯ ಕೈ ಮುಟ್ಟುವುದಿಲ್ಲ.

ಕಾನೂನಾದರೂ ಮುಟ್ಟುತ್ತದೆಯೇ ಎಂದು ನೋಡಿದರೆ ಅಲ್ಲೂ ತೊಡಕು. ಕೇಂದ್ರದ 2017ರ ಜೌಗುಪ್ರದೇಶ ನಿಯಮಗಳು ಜೌಗಿನ ವ್ಯಾಖ್ಯೆಯಿಂದ ನದಿಪಾತ್ರವನ್ನು, ಭತ್ತದ ಗದ್ದೆಯನ್ನು, ಕುಡಿಯುವ ನೀರಿಗೆ ಮತ್ತು ನೀರಾವರಿಗೆಂದು ಕಟ್ಟಿದ ಜಲಾಶಯ ಕೆರೆಗಳನ್ನು ಹೊರಗಿಡುತ್ತವೆ. ಕರ್ನಾಟಕದ ಮಟ್ಟಿಗೆ ಈ ಮೂರನ್ನು ಕಳೆದರೆ ಉಳಿಯುವುದೆಷ್ಟು? ನಮ್ಮ ಕೆರೆಗಳೆಲ್ಲ ಹೆಚ್ಚುಕಡಿಮೆ ನೀರಾವರಿಗೆ ಕಟ್ಟಿದವೇ. ರಾಮ್ಸರ್ ಪಟ್ಟಿಗೆ ಸೇರಿದ್ದರಿಂದ ಅಂಕಸಮುದ್ರ, ಮಾಗಡಿಗಳು ನಿಯಮದ ನೆರಳಿಗೆ ಬಂದವು. ಅವುಗಳ ಅಕ್ಕಪಕ್ಕದ, ಅದೇ ಹಕ್ಕಿಗಳು ಹಗಲಿಡೀ ಮೇಯುವ ಕೆರೆಗಳು ಹೊರಗೇ ಉಳಿದವು. ಈ ನಿಯಮ ಬರೆದವರ ಕಣ್ಣ ಮುಂದೆ ದಖನ್ನಿನ ಕೆರೆ ಇರಲಿಲ್ಲವೆಂದೇ ನನ್ನ ಭಾವನೆ.

ಸುಪ್ರೀಂ ಕೋರ್ಟ್ ಈ ಕಂದರವನ್ನು ಸ್ವಲ್ಪ ಮುಚ್ಚಲು ಯತ್ನಿಸಿದೆ. ಉಪಗ್ರಹ ಚಿತ್ರಗಳಿಂದ ಗುರುತಿಸಿದ, 2.25 ಹೆಕ್ಟೇರ್‌ಗಿಂತ ದೊಡ್ಡದಾದ 2,01,503 ಜೌಗುಗಳಿಗೆ ರಕ್ಷಣೆಯ ತತ್ವಗಳು ಅನ್ವಯಿಸುತ್ತವೆ ಎಂದು 2017ರಲ್ಲಿ ಹೇಳಿತು. 2024ರ ಡಿಸೆಂಬರ್‌ನಲ್ಲಿ, ಹೊಸ ಎಣಿಕೆಯ 2,31,195 ಜೌಗುಗಳ ಗಡಿಯನ್ನು ಸ್ಥಳಕ್ಕೇ ಹೋಗಿ ಗುರುತಿಸಬೇಕೆಂದು ರಾಜ್ಯಗಳಿಗೆ ಸೂಚಿಸಿತು. ರಾಮ್ಸರ್ ತಾಣಗಳ ಮೇಲುಸ್ತುವಾರಿಯನ್ನು ಆಯಾ ಹೈಕೋರ್ಟ್‌ಗಳಿಗೆ ವಹಿಸಿತು. ಗಡಿಕಲ್ಲು ನೆಟ್ಟು, ಪಹಣಿಯಲ್ಲಿ ದಾಖಲಾಗಿ, ಊರಿನವರಿಗೆ ಗೊತ್ತಾದಾಗ ಮಾತ್ರ ಈ ಆದೇಶಕ್ಕೆ ಅರ್ಥ.

ಹೂಳೆತ್ತುವ ಹೆಸರಿನಲ್ಲಿ

ಕೆರೆ ಜೌಗುಗಳಿಗೆ ಇನ್ನೊಂದು ಗಂಡಾಂತರ ಬರುವುದು ಒಳ್ಳೆಯ ಉದ್ದೇಶದಿಂದಲೇ. ಕೆರೆ ಅಭಿವೃದ್ಧಿ ಎಂದರೆ ಜೆಸಿಬಿ ಇಳಿಸಿ, ಅಂಗಳವನ್ನು ಒಂದೇ ಸಮ ಆಳಕ್ಕೆ ತೋಡಿ, ಸುತ್ತ ಕಲ್ಲು ಕಟ್ಟಿ, ಮೇಲೆ ನಡಿಗೆ ಪಥ, ದೀಪ, ಬೆಂಚು ಹಾಕುವುದು ಎಂಬ ಮಾದರಿ ಬೆಂಗಳೂರಿನಿಂದ ಸಣ್ಣ ಊರುಗಳಿಗೂ ಹಬ್ಬಿದೆ. ನೋಡಲು ಚೊಕ್ಕಟ. ಆದರೆ ಹಳೆಯ ಕೆರೆಯ ಅಂಗಳ ಏರಿಯ ಬಳಿ ಆಳವಾಗಿದ್ದು, ಹಿಂದಕ್ಕೆ ಹೋದಂತೆ ತೆಳುವಾಗುತ್ತ, ಕೊನೆಗೆ ಕೆಸರಾಗಿ, ಹುಲ್ಲಾಗಿ ಮುಗಿಯುತ್ತಿತ್ತು. ಆ ತೆಳು ನೀರಿನಲ್ಲೇ ಗೊರವ, ಉಲ್ಲಂಕಿ, ಕೊಕ್ಕರೆಗಳ ಊಟ. ಅಂಗಳವನ್ನು ಬೋಗುಣಿಯಂತೆ ಮಾಡಿದ ಮೇಲೆ ಅಲ್ಲಿ ಈಜುವ, ಮುಳುಗುವ ಹಕ್ಕಿಗಳಿಗೆ ಮಾತ್ರ ಜಾಗ.

ಹೂಳು ತೆಗೆಯಲೇಬಾರದು ಎಂದು ಹೇಳುತ್ತಿಲ್ಲ. ಹಿಂದೆ ರೈತರು ಬೇಸಗೆಯಲ್ಲಿ ಗಾಡಿ ಕಟ್ಟಿ ಗೋಡುಮಣ್ಣನ್ನು ಹೊಲಕ್ಕೆ ಹೊಡೆಯುತ್ತಿದ್ದರು. ವರ್ಷಕ್ಕೆ ಇಷ್ಟಿಷ್ಟೇ ಹೋಗುತ್ತಿತ್ತು, ಕೆರೆಯ ಇಳಿಜಾರು ಹಾಗೆಯೇ ಉಳಿಯುತ್ತಿತ್ತು. ತೂಬಿನ ಉಸ್ತುವಾರಿಗೆ ನೀರಗಂಟಿ ಇದ್ದ. ಎಷ್ಟು ನೀರು ಬಿಡಬೇಕು, ಎಷ್ಟು ದನಕರುಗಳಿಗೆ ಉಳಿಸಬೇಕು ಎಂಬುದು ಅವನಿಗೆ ಬಾಯಿಪಾಠ. ಈಗ ಕೊಳವೆಬಾವಿ ಬಂದು ರೈತನಿಗೆ ಕೆರೆಯ ಹಂಗು ಕಡಿಮೆಯಾಗಿದೆ, ನೀರಗಂಟಿ ಬಹುತೇಕ ಊರುಗಳಲ್ಲಿ ಕಾಣೆಯಾಗಿದ್ದಾನೆ. ಹಕ್ಕಿಗಳಿರುವ ಕೆರೆಗಳಲ್ಲಾದರೂ ಆ ಹುದ್ದೆಯನ್ನು ಸಂಬಳ ಕೊಟ್ಟು ಮತ್ತೆ ತರಬೇಕು. ನಿರ್ವಹಣಾ ಯೋಜನೆಗಳಿಗೆ ದುಡ್ಡು ಸುರಿಯುವುದಕ್ಕಿಂತ ಇದು ಅಗ್ಗ, ಹೆಚ್ಚು ಉಪಯುಕ್ತ.

ಊರವರು ಕೈಜೋಡಿಸಿದರೆ ಏನಾಗುತ್ತದೆ ಎಂಬುದಕ್ಕೆ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಇದೆ. ಅಲ್ಲಿ ಹೆಜ್ಜಾರ್ಲೆಗಳು ಮನೆಗಳ ನಡುವಿನ ಹುಣಸೆ ಮರಗಳ ಮೇಲೆ ಗೂಡು ಕಟ್ಟುತ್ತವೆ. ಹಕ್ಕಿಗಾಗಿ ಹುಣಸೆಯ ಫಸಲು ಬಿಟ್ಟುಕೊಡುವ ಮನೆಗಳಿಗೆ ಪರಿಹಾರ ಕೊಡುವ ಏರ್ಪಾಡಾಗಿದೆ. 2007ರಲ್ಲಿ ಊರು ಸಮುದಾಯ ಮೀಸಲು ಎಂದು ಘೋಷಣೆಯಾಯಿತು. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಹಾರಲು ಬಿಡುವ ಹೆಜ್ಜಾರ್ಲೆ ಬಳಗ ಅಲ್ಲಿಯದೇ. ಬೇಲಿಯಿಲ್ಲ, ಗೇಟಿಲ್ಲ. ಆದರೆ ಅಲ್ಲಿಯೂ ಮೀನು ಸಿಗುವ ಸುತ್ತಲ ಕೆರೆಗಳು ಬತ್ತಿದ ವರ್ಷ ಹೆಜ್ಜಾರ್ಲೆಗಳು ಕಡಿಮೆಯಾಗುತ್ತವೆ. ಊರಿನ ಪ್ರೀತಿಯೊಂದೇ ಅವನ್ನು ಹಿಡಿದಿಡಲಾರದು.

ನೋಡಲು ಹೋಗುವವರು

ಪ್ರವಾಸಿಗರನ್ನು ಜೌಗಿನ ಶತ್ರುಗಳೆಂದು ನಾನು ಎಣಿಸುವುದಿಲ್ಲ. ಮೈಸೂರು, ಬೆಂಗಳೂರಿನ ಮಕ್ಕಳು ಹೊಳೆಯ ನಡುವೆ ಗೂಡಿನ ಹಕ್ಕಿಯನ್ನು ಹತ್ತಿಪ್ಪತ್ತು ಅಡಿ ದೂರದಿಂದ ಕಾಣುವುದು ರಂಗನತಿಟ್ಟಿನಲ್ಲೇ. ಹಾಗೆ ಕಂಡವರು ನಾಳೆ ನೀರಿನ ವಿಷಯ ಬಂದಾಗ ಹಕ್ಕಿಯ ಪರವಾಗಿ ಮಾತಾಡಬಲ್ಲರು. ಅಲ್ಲಿ ದೋಣಿಗಳಿಗೆ ಎಂಜಿನ್ನಿಲ್ಲ, ಹುಟ್ಟು ಹಾಕಿಯೇ ನಡೆಸುತ್ತಾರೆ. ಇದು ತುಂಬ ಒಳ್ಳೆಯ ಪದ್ಧತಿ, ಎಂದೂ ಬದಲಾಗಬಾರದು. ದೋಣಿ ನಡೆಸುವವರಿಗೆ ಯಾವ ತಿಟ್ಟಿನಲ್ಲಿ ಯಾವ ಹಕ್ಕಿ ಗೂಡು ಕಟ್ಟಿದೆ, ಯಾವ ಬಂಡೆಯ ಮೇಲೆ ಮೊಸಳೆ ಬಿಸಿಲು ಕಾಯುತ್ತದೆ ಎಂಬುದು ದಿನದಿನವೂ ಗೊತ್ತು. ನಾವು ಕೇಳಬೇಕಷ್ಟೆ.

ಹೋಗುವವರಿಗೆ ಹೇಳುವುದಾದರೆ, ವಲಸೆ ಹಕ್ಕಿಗಳೂ ಗೂಡಿನ ಸಡಗರವೂ ಒಟ್ಟಿಗೆ ಬೇಕಿದ್ದರೆ ಜನವರಿ ಫೆಬ್ರುವರಿ ಸರಿ. ಕೊಕ್ಕರೆ ಮರಿಗಳನ್ನು ನೋಡಬೇಕಿದ್ದರೆ ಬೇಸಗೆಯ ಬೆಳಗ್ಗೆ. ಮಳೆಗಾಲದಲ್ಲಿ ಹೊರಡುವ ಮೊದಲು ದೋಣಿ ಇದೆಯೇ ಎಂದು ವಿಚಾರಿಸಿಕೊಳ್ಳಿ. ವಾರದ ನಡುವಿನ ಬೆಳಗ್ಗೆ ಸಾಧ್ಯವಾದರೆ ಅದೇ ಉತ್ತಮ, ಏಕೆಂದರೆ ಭಾನುವಾರದ ಗದ್ದಲದಲ್ಲಿ ನಿಮಗೂ ಸುಖವಿಲ್ಲ, ಹಕ್ಕಿಗೂ ಇಲ್ಲ. ಗೂಡಿನ ಫೋಟೊಗಾಗಿ ದೋಣಿಯನ್ನು ಇನ್ನೂ ಹತ್ತಿರ ಒಯ್ಯಿ ಎಂದು ದುಂಬಾಲು ಬೀಳಬೇಡಿ. ಗಾಬರಿಯಿಂದ ತಾಯಿ ಎದ್ದು ಹೋದರೆ ಬಿಸಿಲಿಗೆ ಮೊಟ್ಟೆ ಕೆಡುತ್ತದೆ, ಕಾಗೆ ಹದ್ದುಗಳು ಕಾಯುತ್ತಲೇ ಇರುತ್ತವೆ, ಕಂಗಾಲಾದ ಮರಿ ಕೆಳಗೆ ಬಿದ್ದರೆ ಮೊಸಳೆ ಇದೆ. ಹಕ್ಕಿಯ ಕೂಗನ್ನು ಮೊಬೈಲಿನಲ್ಲಿ ಹಾಕಿ ಕರೆಯುವುದು, ಡ್ರೋನ್ ಹಾರಿಸುವುದು ಬೇಡವೇ ಬೇಡ. ನೋಡಿದ್ದನ್ನು ದಿನಾಂಕದ ಜೊತೆ, ಹಕ್ಕಿ ನೋಡುವವರ ಜಾಲತಾಣ ಇ-ಬರ್ಡ್‌ನಂಥ ಕಡೆ ದಾಖಲಿಸಿದರೆ ಆ ಪಟ್ಟಿಗೆ ಮುಂದೆ ಬೆಲೆ ಬರುತ್ತದೆ.

ದಾಖಲೆಯ ಮಾತು ಬಂದದ್ದರಿಂದ ಇಲಾಖೆಗೂ ಒಂದು ಬೇಡಿಕೆ. ಜನವರಿಯ ನೀರುಹಕ್ಕಿ ಎಣಿಕೆಗಿಂತ ಇಲ್ಲಿ ಹೆಚ್ಚು ಬೇಕಾದದ್ದು ಗೂಡುಗಳ ಎಣಿಕೆ. ಯಾವ ತಿಟ್ಟಿನಲ್ಲಿ ಯಾವ ಜಾತಿಯ ಎಷ್ಟು ಗೂಡು, ನೀರಿನಿಂದ ಎಷ್ಟು ಎತ್ತರದಲ್ಲಿ, ಎಷ್ಟು ಮರಿ ಹಾರಿದವು ಎಂದು ವಾರಕ್ಕೊಮ್ಮೆ ಬರೆದಿಡುವುದು. ಅದರ ಪಕ್ಕದಲ್ಲಿ ಆ ದಿನ ಕೆಆರ್‌ಎಸ್‌ನಿಂದ ಹೊಳೆಗೆ ಬಿಟ್ಟ ಕ್ಯೂಸೆಕ್ ಎಷ್ಟು ಎಂಬ ಅಂಕಿ. ಹೊರಹರಿವಿನ ಅಂಕಿ ದಿನವೂ ಪತ್ರಿಕೆಯಲ್ಲೇ ಬರುತ್ತದೆ, ಗೂಡಿನ ಲೆಕ್ಕ ದೋಣಿಯವರು ಕೊಡಬಲ್ಲರು. ಐದು ವರ್ಷ ಹೀಗೆ ಬರೆದರೆ ಎಷ್ಟು ಕ್ಯೂಸೆಕ್‌ಗೆ ಯಾವ ಬಂಡೆ ಮುಳುಗುತ್ತದೆ, ಎಷ್ಟಕ್ಕೆ ಯಾವ ತಿಟ್ಟಿನ ಕಂದಕ ಬತ್ತುತ್ತದೆ ಎಂಬುದು ಅಂಗೈಯಲ್ಲಿ ಸಿಗುತ್ತದೆ. ನೀರಾವರಿ ಎಂಜಿನಿಯರರ ಮುಂದೆ ಕೂತಾಗ 'ಹಕ್ಕಿಗೆ ತೊಂದರೆಯಾಗುತ್ತದೆ' ಎಂದರೆ ಅವರು ಏನೂ ಮಾಡಲಾರರು. 'ಮಾರ್ಚ್ 15ರಿಂದ ಮೇ 15ರವರೆಗೆ ಇಷ್ಟು ಕ್ಯೂಸೆಕ್ ಮೀರಬೇಡಿ, ಇಷ್ಟಕ್ಕಿಂತ ಇಳಿಸಬೇಡಿ, ಹೆಚ್ಚಿಸುವುದಿದ್ದರೆ ಗಂಟೆಗೆ ಇಷ್ಟರಂತೆ ಏರಿಸಿ' ಎಂದರೆ ಮಾಡಬಲ್ಲರು.

ರಾಮ್ಸರ್ ತಾಣದ ನಿರ್ವಹಣಾ ಯೋಜನೆಯಲ್ಲಿ ಮೊದಲ ಅಧ್ಯಾಯವಾಗಿ ಇರಬೇಕಾದದ್ದು ಈ ನೀರಿನ ವೇಳಾಪಟ್ಟಿ. ಅದಕ್ಕೆ ಅರಣ್ಯ ಇಲಾಖೆಯ ಸಹಿಯ ಜೊತೆಗೆ ಕಾವೇರಿ ನೀರಾವರಿ ನಿಗಮದ ಸಹಿಯೂ ಬೀಳಬೇಕು. ಮುಂದಿನ ಬೇಸಗೆಯ ಹೊರಹರಿವನ್ನು ತೀರ್ಮಾನಿಸುವ ಸಭೆಗೆ ಪಕ್ಷಿಧಾಮದ ವಲಯ ಅರಣ್ಯಾಧಿಕಾರಿಯನ್ನೂ ಕರೆಯಲಿ, ಅವರು ಗೂಡಿನ ಪುಸ್ತಕವನ್ನು ಜೊತೆಗೆ ತರಲಿ.